ಹದಿನಾಲ್ಕು ಬಾಟಲಿ ಮನೆಯ ರಕ್ತ

ಆಸ್ಪತ್ರೆಯ ಲೆಕ್ಕದಲ್ಲಿ ಜನವರಿ ಇಪ್ಪತ್ತು, ಮಂಗಳವಾರ, ಸೊನ್ನೆಯ ದಿನ. ಅದರ ಹಿಂದಿನ ಆರು ದಿನಗಳನ್ನು ಮೈನಸ್ ಆರು, ಮೈನಸ್ ಐದು ಎಂದು ಇಳಿಕೆಯ ಕ್ರಮದಲ್ಲಿ ಎಣಿಸಿದರು. ಆ ಅವಧಿಯಲ್ಲಿ ಸಿದ್ಧಲಿಂಗನ ಎಲುಬಿನ ಮಜ್ಜೆಯಲ್ಲಿ ಉಳಿದಿದ್ದ ಅಲ್ಪಸ್ವಲ್ಪವನ್ನೂ ಔಷಧಿಯಿಂದ ತೆರವು ಮಾಡಿದರು. ಸೊನ್ನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವನ ದೊಡ್ಡಕ್ಕ ಉಮಾದೇವಿಗೆ ಅರಿವಳಿಕೆ ಕೊಟ್ಟು, ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ಮಧ್ಯಾಹ್ನ ಎರಡೂವರೆಗೆ ಅದನ್ನು ಸಿದ್ಧಲಿಂಗನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಸಂಜೆ ಆರಕ್ಕೆ ಮುಗಿಯಿತು. ಮೂರನೆಯ ದಿನ ಉಮಾದೇವಿ ಚಂದಾಪುರದ ಗಂಡನ ಮನೆಗೆ ಮರಳಿದಳು. ಹತ್ತನೆಯ ದಿನ ಸಿದ್ಧಲಿಂಗನ ಬಿಳಿ ರಕ್ತಕಣಗಳ ಎಣಿಕೆ ನೂರು. ಹನ್ನೆರಡನೆಯ ದಿನ ನೂರು. ಹದಿನಾಲ್ಕನೆಯ ದಿನವೂ ನೂರು. ಆರೋಗ್ಯವಂತರಲ್ಲಿ ಅದು ನಾಲ್ಕು ಸಾವಿರಕ್ಕಿಂತ ಕೆಳಗಿಳಿಯುವುದು ಅಪರೂಪ.

ಈ ಸಂಖ್ಯೆಗಳನ್ನು ಸಿದ್ಧಲಿಂಗನ ಸಣ್ಣಕ್ಕ ಶೈಲಶ್ರೀ ಪ್ರತಿದಿನ ಏಳೂವರೆಗೆ ವಾಡಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಬರೆದುಕೊಳ್ಳುತ್ತಿದ್ದಳು. ಹಿಂದಿನ ವರ್ಷವಷ್ಟೇ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಚಿತ್ತಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ರಾವೂರಿನ ಮನೆಯಿಂದ ವಾಡಿಗೆ ಆಟೊ, ಅಲ್ಲಿಂದ ಚಿತ್ತಾಪುರಕ್ಕೆ ರೈಲು. ಅಪ್ಪ ಗುರುಲಿಂಗಪ್ಪ ರಾವೂರಿನಲ್ಲಿದ್ದ ನೆಲಕ್ಕೆ ಹಾಸುವ ಫರಸಿಕಲ್ಲಿನ ತನ್ನ ಪಾಲಿಶ್ ಯಂತ್ರಕ್ಕೆ ಬೀಗ ಹಾಕಿ, ಹೈದರಾಬಾದಿನ ಆಸ್ಪತ್ರೆಯ ಎದುರಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಅವ್ವ ಆಸ್ಪತ್ರೆಯೊಳಗೆ, ಮಗನ ಹತ್ತಿರ. ರೈಲು ಬರುವ ಮೊದಲು ಅಪ್ಪನ ಫೋನು ಬರುತ್ತಿತ್ತು. ಅವನು ಸಂಖ್ಯೆ ಹೇಳುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆ ಸದ್ದಿನಿಂದಲೇ ಶೈಲಶ್ರೀಗೆ ಸಂಖ್ಯೆ ಏರಿಲ್ಲವೆಂದು ತಿಳಿಯುತ್ತಿತ್ತು.

ಸಿದ್ಧಲಿಂಗನಿಗೆ ಹತ್ತೊಂಬತ್ತು ವರ್ಷ. ಶಹಾಬಾದದಲ್ಲಿ ಡಿಪ್ಲೊಮಾ ಓದುತ್ತಿದ್ದವನಿಗೆ ಹೋದ ಜೂನಿನಲ್ಲಿ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು, ಮೈಮೇಲೆ ನೀಲಿ ಕಲೆಗಳೆದ್ದವು. ರಕ್ತ ಹುಟ್ಟಿಸುವ ಮಜ್ಜೆಯೇ ಬರಿದಾಗಿದೆ ಎಂದು ಕಲಬುರಗಿಯ ವೈದ್ಯರು ಹೇಳಿದರು. ಮುಂದಿನ ಉಪಾಯ ಗೊತ್ತಾಗುವವರೆಗೆ ಹತ್ತು-ಹನ್ನೊಂದು ದಿನಕ್ಕೊಮ್ಮೆ ಒಂದು ಬಾಟಲಿ ರಕ್ತ ಏರಿಸಬೇಕಾಯಿತು.

ಅಲ್ಲಿಂದ ಶುರುವಾದದ್ದು ಗುರುಲಿಂಗಪ್ಪನ ಹಟ. "ಯಾರು ಏನ್ ತಿಂದಿರ್ತಾರೋ, ಏನ್ ಕುಡದಿರ್ತಾರೋ. ಅಂಥಾದ್ದು ನನ್ನ ಮಗನ ಮೈಯಾಗ ಬ್ಯಾಡ. ನಮ್ಮ ಮಂದಿ ಸತ್ತು ಹೋಗ್ಯಾರೇನು?" ಎಂದ. ಕಲಬುರಗಿಯ ರಕ್ತನಿಧಿಯಲ್ಲಿ ನೆಂಟರ ರಕ್ತವನ್ನು ಒಬ್ಬನಿಗೇ ಮೀಸಲಿಡುವ ಪದ್ಧತಿ ಇರಲಿಲ್ಲ. ಯಾರು ಕೊಟ್ಟರೂ ಅದು ಎಲ್ಲರದರ ಜೊತೆ ಸೇರಬೇಕು, ಸರದಿಯಂತೆ ಹೊರಬರಬೇಕು. ಆದರೆ ಅಲ್ಲಿ ಗುರುಲಿಂಗಪ್ಪನ ಶಾಲೆಯ ಗೆಳೆಯ ಚಂದ್ರಾಮಪ್ಪ ನೌಕರಿಯಲ್ಲಿದ್ದ. ಅವನು ಹೊರಗೆ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡು, ನೆಂಟರು ಕೊಟ್ಟ ಬಾಟಲಿಯ ಮೇಲೆ ಸಿದ್ಧಲಿಂಗನ ಹೆಸರು ಬರೆದು ಬೇರೆ ಇಟ್ಟ.

ಪಟ್ಟಿ ಮಾಡಿದವಳು ಶೈಲಶ್ರೀ. ನೆಂಟರಲ್ಲಿ ಯಾರ ರಕ್ತದ ಗುಂಪು ಹೊಂದುತ್ತದೆ, ಯಾರು ಎಂದು ಬರಬೇಕು ಎಂಬುದನ್ನು ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಅಡ್ಡ ಉದ್ದ ಗೆರೆ ಎಳೆದು ಬರೆದಳು. ಸೇಡಮ್ಮಿನಿಂದ ಸೋದರಮಾವ ಸಂಗಮೇಶ್ವರ, ಚಿತ್ತಾಪುರದಿಂದ ದೊಡ್ಡಪ್ಪನ ಇಬ್ಬರು ಮಕ್ಕಳು, ಶಹಾಬಾದದಿಂದ ಅತ್ತೆಯ ಮಗ. ಜುಲೈ ನಾಲ್ಕರಿಂದ ನವೆಂಬರ್ ಇಪ್ಪತ್ತನಾಲ್ಕರವರೆಗೆ ಒಟ್ಟು ಹದಿನಾಲ್ಕು ಬಾಟಲಿ. ಒಂದು ದಿನವೂ ತಪ್ಪಲಿಲ್ಲ. ಎರಡನೆಯದೂ ಹದಿಮೂರನೆಯದೂ ಚಂದಾಪುರದಿಂದ ಬಂದ ಉಮಾದೇವಿಯವು. ಹೆಂಗಸರು ಒಮ್ಮೆ ಕೊಟ್ಟ ಮೇಲೆ ನಾಲ್ಕು ತಿಂಗಳು ಬಿಡಬೇಕೆಂಬ ನಿಯಮವಿತ್ತು. ಶೈಲಶ್ರೀ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ನೂರಿಪ್ಪತ್ತೊಂದು ದಿನ ಎಣಿಸಿ ಅಕ್ಕನನ್ನು ಕರೆಸಿದ್ದಳು. ನೆಂಟರಿಷ್ಟರ ಮದುವೆ-ಸೀಮಂತಗಳಲ್ಲಿ ಆ ನೋಟುಬುಕ್ಕಿನ ಸುದ್ದಿ ಓಡಾಡಿತು. ಕರೆಯದವರು ಮುನಿಸಿಕೊಂಡರು.

ಡಿಸೆಂಬರಿನಿಂದ ರಕ್ತವನ್ನು ಹೈದರಾಬಾದಿನ ಆಸ್ಪತ್ರೆಯಲ್ಲೇ ಏರಿಸಿದರು. ಅಲ್ಲಿ ಉಮಾದೇವಿಯ ಮಜ್ಜೆ ತಮ್ಮನಿಗೆ ಪೂರ್ತಿ ಹೊಂದುತ್ತದೆಂದು ಗೊತ್ತಾಯಿತು. ಶೈಲಶ್ರೀಯದು ಅರ್ಧ ಮಾತ್ರ ಹೊಂದಿತು. ಜನವರಿ ಹನ್ನೆರಡರಂದು ದಾಖಲಾಗುವಾಗ ಒಬ್ಬ ಕಿರಿಯ ವೈದ್ಯ ನಮೂನೆ ಹಿಡಿದು ಒಂದೊಂದೇ ಪ್ರಶ್ನೆ ಕೇಳುತ್ತ ಹೋದ. ಮೂವತ್ತೊಂದನೆಯ ಪ್ರಶ್ನೆ: ಇದುವರೆಗೆ ರೋಗಿಗೆ ರಕ್ತಸಂಬಂಧಿಗಳ ರಕ್ತ ಏರಿಸಿದ್ದುಂಟೇ?

"ಇಲ್ರಿ," ಎಂದ ಗುರುಲಿಂಗಪ್ಪ. "ಎಲ್ಲಾ ಬ್ಯಾಂಕಿಂದೇ."

ನೋಟುಬುಕ್ಕು ಶೈಲಶ್ರೀಯ ಹೆಗಲಚೀಲದಲ್ಲಿತ್ತು. ಅಪ್ಪ ಚಂದ್ರಾಮಪ್ಪನಿಗೆ ಕೊಟ್ಟ ಮಾತು ಅವಳಿಗೆ ಗೊತ್ತಿತ್ತು. ಪ್ರಶ್ನೆ ಕಚೇರಿಯ ಶಾಸ್ತ್ರಕ್ಕಿರಬೇಕು ಎಂದುಕೊಂಡಳು. 'ಇಲ್ಲ' ಎಂಬ ಚೌಕದಲ್ಲಿ ಗುರುತು ಬಿದ್ದುದನ್ನು ನೋಡಿದಳು, ಸುಮ್ಮನಿದ್ದಳು.

ಹದಿನಾಲ್ಕನೆಯ ದಿನ ರಜೆ ಹಾಕಿ ಅವಳು ಹೈದರಾಬಾದಿಗೆ ಹೋದಳು. ಗಾಜಿನ ಆಚೆ ತಮ್ಮ ಮಂಚದ ಮೇಲೆ ಕುಳಿತಿದ್ದ. ಮಾತು ಗೋಡೆಯ ಫೋನಿನಲ್ಲಿ.

"ಸಣ್ಣಕ್ಕಾ, ನನ್ನ ತಲಿ ನೋಡು. ಪಾಲಿಶ್ ಹೊಡದ ಫರಸಿ ಆಗ್ಯಾದ. ಅಪ್ಪಗ ಹೇಳು, ಸೈಜ್ ಅಳದು ಮಾರಲಿ."

"ಬಾಯಿ ಮಾತ್ರ ಹಂಗೇ ಅದ ನೋಡು ನಿಂದು."

"ಬಾಯಿಗಿ ಮಜ್ಜಿ ಬೇಕಾಗಂಗಿಲ್ಲ." ನಕ್ಕ, ನಗುವಾಗ ತುಟಿ ಒಡೆದು ರಕ್ತ ಕಂಡಿತು, ಅಂಗೈಯಿಂದ ಒತ್ತಿಹಿಡಿದ. "ದೊಡ್ಡಕ್ಕ ಒಳಗ ಬಂದಾಳ ಅಂತಾರ, ಇನ್ನೂ ಬುತ್ತಿ ಬಿಚ್ಚಿಲ್ಲ ಅಷ್ಟ. ಎಲ್ಲಿ ಕುಂತಾಳೋ ಏನೋ."

ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ತಸ್ಲೀಮ್ ಮೂಲತಃ ಶಹಾಬಾದದವರು. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ. ಮಧ್ಯಾಹ್ನ ಅವರು ಅಪ್ಪ, ಅವ್ವ, ಮಗಳನ್ನು ತಮ್ಮ ಕೋಣೆಗೆ ಕರೆಸಿ ಕುಳ್ಳಿರಿಸಿದರು.

"ಮಜ್ಜಿ ಒಳಗ ಏನಿರ್ತದ ಗೊತ್ತೇನ್ರಿ? ಕೂದಲಿಗಿಂತ ಸಣ್ಣ ರಕ್ತನಾಳದ ಜಾಲ. ನಾವು ಏರಿಸಿದ ಮೂಲಕೋಶ ರಕ್ತದಾಗ ತಿರುಗಿ ತಿರುಗಿ ಬಂದು ಆ ನಾಳದ ಗ್ವಾಡಿ ಹಿಡೀಬೇಕು. ಗ್ವಾಡಿ ಅಂದ್ರ ಬರೇ ಗ್ವಾಡಿ ಅಲ್ಲ, ಅಲ್ಲೂ ಜೀವಕೋಶ ಅದಾವ. ಅವೇ ಇವನ್ನ ಕರೀತಾವ, ಹಿಡದು ಒಳಗ ತಗೋತಾವ, ಉಣ್ಣಲಿಕ್ಕ ಕೊಡ್ತಾವ. ಈಗ ಮಲಗು ಅಂತಾವ, ಈಗ ಎದ್ದು ಕೆಲಸ ಹಿಡಿ ಅಂತಾವ. ಅವು ಇಲ್ಲಂದ್ರ ಮೂಲಕೋಶ ಉಳಿಯಂಗಿಲ್ಲ."

"ಬಾಣಂತಿ ನೋಡಿಕೊಂಡಂಗ ಅನ್ರಿ," ಎಂದಳು ಅವ್ವ.

"ಹಂಗೇ ಅನ್ರಿ. ಆದ್ರ ಆರು ದಿನ ಔಷಧಿ ಕೊಟ್ಟೀವಲ್ಲ? ಅದು ಬಾಣಂತಿ ನೋಡೋ ಆಕಿನ್ನೂ ಹಾಸಿಗಿ ಹಿಡಿಸ್ತದ. ಗ್ವಾಡಿ ಕೋಶ ಸತ್ತು ಅಲ್ಲಲ್ಲಿ ಬಿರುಕು ಬಿಟ್ಟಿರ್ತಾವ. ಅವು ಮೊದಲು ಸುಧಾರಿಸಬೇಕು. ಒಬ್ಬರಿಗಿ ಹತ್ತು ದಿನ, ಒಬ್ಬರಿಗಿ ಇಪ್ಪತ್ತೈದು."

"ಮತ್ತ ಇನ್ನೇನರ ಕಾರಣ ಇರಬಹುದೇನ್ರಿ, ಮೇಡಂ?" ಶೈಲಶ್ರೀ ಕೇಳಿದಳು.

"ಇರ್ತದ. ಗ್ವಾಡಿ ನೆಟ್ಟಗಿದ್ರೂ, ಅವನ ಮೈಯಾಗ ಉಳಿದಿರೋ ಕಾವಲು ಕೋಶ ಅಕ್ಕನ ಕೋಶಗಳ ಗುರುತು ಹಿಡದು ಕೊಲ್ಲಬಹುದು. ಆದ್ರ ಅದಕ್ಕ ಮೊದಲು ಪರಿಚಯ ಇರಬೇಕು. ಇವನಿಗಿ ಮನಿಯವರ ರಕ್ತ ಏರಿಸಿಲ್ಲಂತ ಬರದೀರಿ. ಅದಕ್ಕ ನಾ ಮೊದಲನೇದೇ ಹಿಡದು ಕಾಯಲಿಕತ್ತೀನಿ. ಎರಡನೇದಿದ್ರ ಕಾಯಂಗಿಲ್ಲ, ಕಾವಲು ಕೋಶ ಇಳಸೋ ಔಷಧಿ ಜಲ್ದಿ ಏರಸಬೇಕಾಗ್ತದ."

ಶೈಲಶ್ರೀ ಅಪ್ಪನ ಕಡೆ ನೋಡಿದಳು. ಗುರುಲಿಂಗಪ್ಪ ಮೇಜಿನ ಮೇಲಿದ್ದ ಎಲುಬಿನ ಮಾದರಿಯನ್ನು ನೋಡುತ್ತಿದ್ದ. ಅವನಿಗೆ ವಿಷಯ ಮುಟ್ಟಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಮುಟ್ಟಿತ್ತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ದಾದಿಯೊಬ್ಬಳು ಬಂದು ಡಾಕ್ಟರನ್ನು ಕರೆದೊಯ್ದಳು. ಅವರು ಹಿಂದಿರುಗಿ ಬರುವವರೆಗೆ ಕಾಯಬಹುದಿತ್ತು. ಅವಳು ಕಾಯಲಿಲ್ಲ, ಮೂರೂ ಇಪ್ಪತ್ತರ ರೈಲು ಹಿಡಿದಳು. ಮೊದಲು ಖಚಿತ ಮಾಡಿಕೊಳ್ಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಹದಿನೈದನೆಯ ದಿನ ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಖಚಿತವಾಯಿತು. ಓದಿದ್ದೆಲ್ಲ ಒಂದೇ ದಿಕ್ಕಿಗಿತ್ತು. ಮಜ್ಜೆ ಬದಲಿಸುವ ಸಾಧ್ಯತೆಯಿರುವ ರೋಗಿಗೆ ಒಡಹುಟ್ಟಿದವರ, ಹತ್ತಿರದ ನೆಂಟರ ರಕ್ತ ಕೊಡಬಾರದು. ಕೊಟ್ಟರೆ ದೇಹ ಆ ಕುಟುಂಬದ ಕೋಶಗಳ ಗುರುತು ಕಲಿತುಕೊಳ್ಳುತ್ತದೆ, ಮುಂದೆ ಅದೇ ಕುಟುಂಬದ ಮಜ್ಜೆ ಬಂದಾಗ ಹೊರಗೆ ಹಾಕುತ್ತದೆ. ಹೊಂದಾಣಿಕೆ ಪೂರ್ತಿಯಿದ್ದರೂ ಸಣ್ಣಪುಟ್ಟ ಗುರುತುಗಳು ಬೇರೆಯಿರುತ್ತವೆ, ಕಲಿಯಲು ಅಷ್ಟು ಸಾಕು. ಅವಳು ನೋಟುಬುಕ್ಕು ತೆಗೆದು ಎರಡನೆಯ ಸಾಲು ನೋಡಿದಳು, ಹದಿಮೂರನೆಯ ಸಾಲು ನೋಡಿದಳು. ತಮ್ಮನ ದೇಹಕ್ಕೆ ದೊಡ್ಡಕ್ಕನ ಪರಿಚಯ ಮಾಡಿಸಿದವಳು ತಾನು. ಅದೂ ಎರಡು ಸಲ. ನಡುವೆ ನೂರಿಪ್ಪತ್ತೊಂದು ದಿನ ಬಿಟ್ಟು.

ಹೊರಗೆ ಬಂದು, ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತು ಅಪ್ಪನಿಗೆ ಫೋನು ಮಾಡಿದಳು. ಎಲ್ಲವನ್ನೂ ಕ್ರಮವಾಗಿ ಹೇಳಿದಳು.

"ಡಾಕ್ಟರಿಗಿ ಹೇಳಬೇಕಪ್ಪಾ. ಇವತ್ತೇ."

"ಚಂದ್ರಾಮನ ನೌಕರಿ ಹೋಗ್ತದ."

"ಸಿದ್ಧುನ ಜೀವ ಹೋಗ್ತದ."

"ಗ್ವಾಡಿ ಸುಧಾರಿಸಲಿಕ್ಕ ಇಪ್ಪತ್ತೈದು ದಿನ ಆಗ್ತದಂತ ಅವರೇ ಅಂದ್ರಲ್ಲ? ಇವತ್ತ ಹದಿನೈದು. ಅದೇ ಇರಬಹುದು. ನೀ ಓದಿದಾಕಿ, ನೀನೇ ಹೇಳು, ಅದೇ ಇರಬಾರದೇನು?"

ಇರಬಹುದಿತ್ತು. ಅಲ್ಲಿಯೇ ಅವಳು ಸಿಕ್ಕಿಬಿದ್ದಳು. ಇರಲಾರದೆಂದು ಹೇಳಲು ಅವಳ ಹತ್ತಿರ ಆಧಾರವಿರಲಿಲ್ಲ.

"ಮಾತು ಕೊಟ್ಟೀನಿ, ಶೈಲಾ. ಅವ ನನಗೋಸ್ಕರ ಮಾಡ್ಯಾನ. ನಾ ಅವಗ ಏನ್ ಮಾರಿ ತೋರಸ್ಲಿ?" ಫೋನು ಇಟ್ಟ.

ಹದಿನಾರನೆಯ ದಿನ ಬೆಳಿಗ್ಗೆ ಎಣಿಕೆ ಎಂಬತ್ತು. ಶೈಲಶ್ರೀ ಚಿತ್ತಾಪುರದಲ್ಲಿ ಇಳಿಯಲಿಲ್ಲ. ಸೇಡಮ್ಮಿನಲ್ಲಿ ಇಳಿದು, ಅಕ್ಕನ ಚಂದಾಪುರಕ್ಕೆಂದು ಚಿಂಚೋಳಿಯ ಬಸ್ಸು ಹತ್ತಿದಳು. ಡಾಕ್ಟರಿಗೆ ಫೋನಿನಲ್ಲೇ ಹೇಳಬಹುದಿತ್ತಾದರೂ, ಹೇಳುವುದು ಉಮಾದೇವಿಯ ರಕ್ತದ ವಿಷಯ. ಅವಳಿಗಿಂತ ಮೊದಲು ಮತ್ತೊಬ್ಬರಿಗೆ ಹೇಳಲು ಮನಸ್ಸು ಒಪ್ಪಲಿಲ್ಲ. ಇಷ್ಟೇ ಕಾರಣ ಎಂದು ಬಸ್ಸಿನಲ್ಲಿ ಅವಳಿಗೆ ಅನ್ನಿಸಿತ್ತು. ಡಾಕ್ಟರಿಗೆ ಹೇಳುವುದನ್ನು ಇನ್ನೆರಡು ತಾಸು ಮುಂದೂಡಿಸಿದ ಅಂಜಿಕೆಯೂ ಅದರಲ್ಲಿ ಸೇರಿತ್ತೆಂಬುದು ಮುಂದೆ ತಿಳಿಯಿತು.

ಚಂದಾಪುರದ ಮನೆಯಲ್ಲಿ ಉಮಾದೇವಿ ರೊಟ್ಟಿ ಬಡಿಯುತ್ತಿದ್ದಳು. ಸೊಂಟದ ನೋವು ಪೂರ್ತಿ ಇಳಿದಿರಲಿಲ್ಲ, ಮಣೆಯ ಕೆಳಗೆ ಮಡಚಿದ ಚಾದರ ಹಾಕಿಕೊಂಡಿದ್ದಳು. ಅವಳ ಅತ್ತೆ ಗುರುದೇವಿ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು.

"ಬಾರವ್ವ ಮಾಸ್ತರ್ತಿ. ಈ ಸಲ ಏನ್ ಬೇಕಾಗ್ಯಾದ? ರಕ್ತ ಒಯ್ದೀರಿ, ಮಜ್ಜಿ ಒಯ್ದೀರಿ. ಇನ್ನ ಎಲುಬು ಉಳದಾವ ನೋಡು ನಮ್ಮ ಸೊಸೀವು."

"ಹಂಗ್ಯಾಕ ಅಂತೀರಿ, ಅತ್ತಿ."

"ಅನ್ನಲಿಕ್ಕರ ಬಿಡು ನನಗ. ಉಳದಿದ್ದೆಲ್ಲ ನೀವೇ ಮಾಡ್ತೀರಿ. ಕುಂದ್ರು, ಚಾ ಇಡ್ತಾಳ."

ಶೈಲಶ್ರೀ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಳು. ಹೇಳಬೇಕಾದ್ದನ್ನು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಅದೇ ಕ್ರಮದಲ್ಲಿ ಹೇಳಿದಳು. ಉಮಾದೇವಿಯ ಕೈ ನಿಲ್ಲಲಿಲ್ಲ. ರೊಟ್ಟಿ ಅಗಲವಾಗುತ್ತ ಹೋಯಿತು, ಅಂಚು ಹರಿಯಿತು, ಆಗಲೂ ಬಡಿಯುತ್ತಲೇ ಇದ್ದಳು.

"ಅಂದ್ರ ನಾ ಎರಡು ಸಲ ಕೊಟ್ಟಿದ್ದಕ್ಕೇ ಅವನ ಮೈ ನನಗ ವೈರಿ ಆಗ್ಯಾದ?"

"ಆಗಿರಬಹುದು. ಖಾತ್ರಿ ಇಲ್ಲ. ನಾಳದ ಗ್ವಾಡಿ ಸುಧಾರಿಸಿಲ್ಲಂದ್ರ ಅದೂ ಇರಬಹುದು."

"ನಾ ಹೋದಲ್ಲೆಲ್ಲ ಹೊಂದಿಕೊಂಡೀನಿ," ಎಂದು ಉಮಾದೇವಿ ಅತ್ತೆಯ ಕಡೆ ಕಣ್ಣು ಹಾಯಿಸಿದಳು. "ಇಂಥಾ ಮನ್ಯಾಗೇ ಹೊಂದಿಕೊಂಡೀನಿ. ನನ್ನ ತಮ್ಮನ ಮೈಯಾಗ ನನಗ ಜಾಗ ಸಿಗಂಗಿಲ್ಲಂದ್ರ..." ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ಹಿಟ್ಟಿಗೆ ಹಾಕಿದಳು.

"ತಪ್ಪು ನಂದಕ್ಕಾ. ನಾ ಪಟ್ಟಿ ಮಾಡಿದೆ. ನಾ ಕರದೆ."

"ನೀ ಕರೀಲಿಲ್ಲಂದ್ರ ನಾ ಬರ್ತಿದ್ದಿಲ್ಲೇನು? ನನ್ನ ಬಿಟ್ಟು ಶಹಾಬಾದದವರದು ತಗೊಂಡಿದ್ರ ನಾ ಜನ್ಮದಾಗ ನಿನ್ನ ಸಂಗಟ ಮಾತಾಡ್ತಿದ್ದಿಲ್ಲ. ತಪ್ಪು ಎಲ್ಲರದೂ ಅದ, ಹಂಚಿಕೊಂಡ್ರ ಎಲ್ಲರಿಗೂ ಸಾಕಾಗ್ತದ. ಡಾಕ್ಟರಿಗಿ ಹೇಳೀರೇನು?"

"ಅಪ್ಪ ಬ್ಯಾಡ ಅಂತಾನ."

ಪಡಸಾಲೆಯಲ್ಲಿ ಮೊರದ ಸದ್ದು ನಿಂತಿತು. ಗುರುದೇವಿ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಎಷ್ಟ ದಿನ ಆಯ್ತು ನಿನಗ ಗೊತ್ತಾಗಿ?"

"ನಿನ್ನೆ, ಅತ್ತಿ. ಅನುಮಾನ ಬಂದಿದ್ದು ಮೊನ್ನೆ."

"ಮೊನ್ನೆ ಗೊತ್ತಾಗ್ಯಾದ, ಇವತ್ತ ಇಲ್ಲಿ ಚಾ ಕುಡಿಲಿಕತ್ತೀದಿ. ಆ ಹುಡುಗ ಅಲ್ಲಿ ಗಾಜಿನ ಪೆಟಗ್ಯಾಗ ಮಲಗ್ಯಾನ." ಗುರುದೇವಿ ಸೊಸೆಯ ಕಡೆ ತಿರುಗಿದಳು. "ಮೊದಲೇ ಹೇಳ್ತೀನಿ ಉಮಾ, ಇನ್ನೊಮ್ಮಿ ನಿನ್ನ ಸೊಂಟದಾಗ ಸೂಜಿ ಚುಚ್ಚತೀವಿ ಅಂದ್ರ ನಾ ಒಪ್ಪಂಗಿಲ್ಲ. ನನ್ನ ಮಗನೂ ಒಪ್ಪಂಗಿಲ್ಲ." ಮತ್ತೆ ಶೈಲಶ್ರೀಗೆ: "ಅದಕ್ಕೇ ಇದ್ದದ್ದು ಉಳಿಸಿಕೋರಿ. ಏಳು. ಹೈದ್ರಾಬಾದ ಗಾಡಿ ಹನ್ನೆರಡೂವರಿಗಿ ಅದ. ನಿಮ್ಮಪ್ಪನ ಮಾತು ನಿಮ್ಮಪ್ಪ ನೋಡಿಕೋತಾನ."

ಉಮಾದೇವಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಶೈಲಶ್ರೀಗೆ ತಿನ್ನಲಾಗಲಿಲ್ಲ.

ಡಾಕ್ಟರ್ ತಸ್ಲೀಮ್ ಸಂಜೆ ಐದಕ್ಕೆ ಅವಳನ್ನು ಕೋಣೆಗೆ ಕರೆದರು. ಅವಳು ನೋಟುಬುಕ್ಕನ್ನು ಮೇಜಿನ ಮೇಲಿಟ್ಟು, ಮೂವತ್ತೊಂದನೆಯ ಪ್ರಶ್ನೆಗೆ ಕೊಟ್ಟ ಉತ್ತರ ಸುಳ್ಳು ಎಂದಳು. ಡಾಕ್ಟರು ಮೊದಲ ಪುಟ ತೆಗೆದು, ಕನ್ನಡಕ ಹಣೆಗೇರಿಸಿ ಓದುತ್ತಿರುವಾಗಲೇ ಬಾಗಿಲು ತಳ್ಳಿಕೊಂಡು ಗುರುಲಿಂಗಪ್ಪ ಬಂದ. ಉಮಾದೇವಿ ಫೋನು ಮಾಡಿರಬೇಕು. ಡಾಕ್ಟರು ಪುಟದಿಂದ ಕಣ್ಣೆತ್ತಿ ಕೇಳಿದರು.

"ಅಕ್ಕನದೂ ಅದಾವೇನ್ರಿ ಇದರಾಗ?"

"ಎರಡು," ಎಂದಳು ಶೈಲಶ್ರೀ.

ಗುರುಲಿಂಗಪ್ಪ ಕೈ ಚಾಚಿ ನೋಟುಬುಕ್ಕು ತೆಗೆದುಕೊಂಡ. ಅವನು ಅದನ್ನು ಹರಿಯುತ್ತಾನೇನೋ ಎಂದು ಮಗಳಿಗೆ ಭಯವಾಯಿತು. ಅವನು ಅಂಗಿಯ ಜೇಬಿನಿಂದ ಚಸ್ಮಾ ತೆಗೆದು ಹಾಕಿಕೊಂಡು ನಿಂತಲ್ಲಿಯೇ ಓದತೊಡಗಿದ. "ಒಂದು, ನಾನು, ಗುರುಲಿಂಗಪ್ಪ, ರಾವೂರ. ಎರಡು, ಉಮಾದೇವಿ, ಚಂದಾಪುರ, ಹಿರೇ ಮಗಳು. ಮೂರು, ಸಂಗಮೇಶ್ವರ, ಸೇಡಂ, ನನ್ನ ಹೆಂಡ್ತಿ ತಮ್ಮ." ಹದಿನಾಲ್ಕನ್ನೂ ಓದಿದ. ಓದುವಾಗ ಯಾರು ಹೊಲದ ಕೆಲಸ ಬಿಟ್ಟು ಬಂದರು, ಯಾರು ಜ್ವರ ಬಿಟ್ಟ ಮರುವಾರವೇ ಬಂದರು ಎಂದು ನಡುವೆ ಸೇರಿಸಿದ. ಡಾಕ್ಟರು ತಡೆಯಲಿಲ್ಲ.

"ಎಲ್ಲಾರೂ ಜೀವಾ ಹಚ್ಚಿ ಕೊಟ್ಟಾರ್ರಿ," ಎಂದ ಕೊನೆಗೆ. "ಇಟ್ಟುಕೊಟ್ಟವನ ಹೆಸರು ಮಾತ್ರ ಕೇಳಬ್ಯಾಡ್ರಿ."

"ಅದು ನನಗ ಬೇಕಾಗೂ ಇಲ್ಲ. ಆದ್ರ ಕೇಳ್ರಿ ಅಪ್ಪಾರ, ನಿಮ್ಮ ಮಗಳು ಇವತ್ತ ಬರಲಿಲ್ಲಂದ್ರ ನಾ ಇನ್ನೂ ಒಂದು ವಾರ ಕಾಯ್ತಿದ್ದೆ." ಅವರು ಫೋನೆತ್ತಿ ವಾರ್ಡಿಗೆ ಎರಡು ಔಷಧಿಗಳ ಹೆಸರು, ಪ್ರಮಾಣ ಹೇಳಿದರು. ಆಮೇಲೆ ಶೈಲಶ್ರೀಗೆ: "ಇಪ್ಪತ್ತೊಂದನೇ ದಿನ ಅವನ ಮಜ್ಜಿ ಚೂರು ತೆಗೀತೀನಿ. ಎರಡು ನೋಡಬೇಕು. ಒಂದು, ನಾಳದ ಗ್ವಾಡಿ ಕೂಡ್ಯಾವೋ ಇಲ್ಲೋ. ಎರಡು, ರಕ್ತ ಹುಟ್ಟಸೋ ಇನ್ನೂರು ಕೋಶ ಎಣಸಿ, ಅದರಾಗ ಅಕ್ಕನವು ಎಷ್ಟು. ಹೆಣ್ಣಿನ ಕೋಶದಾಗ ಎಕ್ಸ್ ಎರಡು ಇರ್ತಾವ, ಗಂಡಸಿನದರಾಗ ಎಕ್ಸ್ ಒಂದು, ವೈ ಒಂದು. ಬಣ್ಣ ಹಾಕಿದ್ರ ಗೊತ್ತಾಗ್ತದ. ಗ್ವಾಡಿ ಮುರದಿದ್ರ, ತಡ ಆಗಿದ್ದು ಅದಕ್ಕ. ಗ್ವಾಡಿ ಕೂಡಿದ್ರ, ತಡ ಆಗಿದ್ದು ಈ ಹದಿನಾಲ್ಕು ಬಾಟಲಿಗಿ."

"ಅಕ್ಕನವು ಎಷ್ಟಿರಬೇಕ್ರಿ?"

"ನೂರಕ್ಕಿಂತ ಹೆಚ್ಚಿದ್ರ ಹಿಡದು ನಿಲ್ಲಸಲಿಕ್ಕ ನೋಡ್ತೀನಿ. ಗೆದ್ದೀವಿ ಅನ್ನಂಗಿಲ್ಲ. ನೂರಕ್ಕ ಕಡಿಮಿ ಇದ್ರ ಮತ್ತೊಮ್ಮಿ ಉಮಾದೇವಿಯವರನ್ನ ಕೇಳಬೇಕಾಗ್ತದ."

ಬಾಗಿಲ ಚೌಕಟ್ಟು ಹಿಡಿದು ನಿಂತ ಗುರುದೇವಿಯ ಮುಖ ಶೈಲಶ್ರೀಯ ಕಣ್ಣೆದುರಿಗಿತ್ತು.

ಹದಿನೇಳನೆಯ ದಿನದಿಂದ ಅವಳು ಕಾಲೇಜಿಗೆ ರಜೆ ಹಾಕಿ ಹೈದರಾಬಾದಿನಲ್ಲೇ ಉಳಿದಳು. ಅಪ್ಪ ಅವಳೊಡನೆ ಊಟಕ್ಕೆ ಕುಳಿತರೂ ಮಾತಾ‌ಡುತ್ತಿರಲಿಲ್ಲ. ನೀರಿನ ತಂಬಿಗೆಯನ್ನು ಮಾತ್ರ ಅವಳ ಕಡೆ ಸರಿಸುತ್ತಿದ್ದ. ಹದಿನೆಂಟನೆಯ ದಿನ ಚಂದ್ರಾಮಪ್ಪನಿಗೆ ತಾನೇ ಫೋನು ಮಾಡಿ ಹೇಳಿದ. ಆ ಕಡೆಯಿಂದ ಏನು ಬಂತೋ ತಿಳಿಯಲಿಲ್ಲ. ಬಹಳ ಹೊತ್ತು ಗುರುಲಿಂಗಪ್ಪ "ಹೂಂ" ಎನ್ನುತ್ತ ನಿಂತಿದ್ದ.

ಔಷಧಿ ಏರಿಸಿದ ಮೇಲೆ ಸಿದ್ಧಲಿಂಗನಿಗೆ ಚಳಿ ಬಂದು ಮೈ ನಡುಗಿತು. ಗಾಜಿನಾಚೆಯಿಂದ ಫೋನೆತ್ತಿದ. "ಸಣ್ಣಕ್ಕಾ, ನೀ ಏನೋ ತಪ್ಪ ಮಾಡೀದಂತ, ಅವ್ವ ಹೇಳಿದ್ಲು."

"ಹೌದು."

"ನೀ ತಪ್ಪ ಮಾಡಿದ್ದು ಇದೇ ಮೊದಲು ನೋಡು. ನನಗ ಭಾಳ ಖುಷಿ ಆಯ್ತು." ಹಲ್ಲು ಕಟಕಟ ಕಡಿಯುತ್ತಿದ್ದವು. "ಮಾಡಿದ್ದು ಮಾಡೀದಿ, ನನ್ನ ಮ್ಯಾಲೇ ಮಾಡಬೇಕಿತ್ತೇನು?"

ನಗೆಯೋ, ಮುನಿಸೋ, ಗೊತ್ತಾಗಲಿಲ್ಲ. ಅವನು ಫೋನಿಟ್ಟು ಗೋಡೆಯ ಕಡೆ ಹೊರಳಿದ.

ಹದಿನೇಳರಿಂದ ಇಪ್ಪತ್ತರವರೆಗಿನ ನಾಲ್ಕು ದಿನ ಅವಳು ಮಜ್ಜೆಯ ನಾಳಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. ಔಷಧಿಯ ಏಟಿಗೆ ಗೋಡೆಯ ಕೋಶಗಳು ಹೇಗೆ ಕಳಚಿಬೀಳುತ್ತವೆ, ಉಳಿದವು ಒಡೆದು ಎರಡಾಗಿ ಹೇಗೆ ಬಿರುಕು ಮುಚ್ಚುತ್ತವೆ, ಮುಚ್ಚಿದ ಮೇಲಷ್ಟೇ ಮೂಲಕೋಶಗಳು ಅವುಗಳ ಮಗ್ಗುಲಲ್ಲಿ ಹೇಗೆ ನೆಲೆ ನಿಲ್ಲುತ್ತವೆ. ಮಜ್ಜೆ ಬದಲಾದರೂ ಈ ಗೋಡೆ ಬಹುಮಟ್ಟಿಗೆ ರೋಗಿಯದೇ ಆಗಿ ಉಳಿಯುತ್ತದೆ. ಅಕ್ಕನ ಕೋಶಗಳನ್ನು ಸಾಕಬೇಕಾದದ್ದು ತಮ್ಮನ ಕೋಶಗಳು. ಓದುತ್ತ ಓದುತ್ತ ಇಪ್ಪತ್ತನೆಯ ದಿನ ಮಧ್ಯಾಹ್ನ ಅವಳಿಗೆ ಒಂದು ವಿಷಯ ಹೊಳೆಯಿತು. ನಾಲ್ಕು ದಿನದಿಂದ ಅವಳು ಬಯಸುತ್ತಿದ್ದುದು ಗೋಡೆ ಮುರಿದಿರಲಿ ಎಂದು. ಮುರಿದಿದ್ದರೆ ಅವಳ ಪಟ್ಟಿ ನಿರಪರಾಧಿ. ತನ್ನ ಹೆಸರು ಶುದ್ಧವಾಗಲು ತಮ್ಮನ ಎಲುಬಿನೊಳಗೆ ನಾಳಗಳು ಹರಿದಿರಬೇಕೆಂದು ಕೇಳಿಕೊಳ್ಳುತ್ತಿದ್ದಳು. ಪುಸ್ತಕ ಮುಚ್ಚಿದಳು. ಬೇರೆಯದನ್ನು ಬಯಸಲು ಪ್ರಯತ್ನಿಸಿದಳು, ಪೂರ್ತಿ ಆಗಲಿಲ್ಲ.

ಇಪ್ಪತ್ತೊಂದನೆಯ ದಿನ ಎಣಿಕೆ ನೂರಾನಲವತ್ತು. ಅದಕ್ಕೆ ಅರ್ಥ ಕಟ್ಟಬೇಡಿ ಎಂದರು ಡಾಕ್ಟರ್ ತಸ್ಲೀಮ್. ಹತ್ತು ಗಂಟೆಗೆ ಸಿದ್ಧಲಿಂಗನ ಸೊಂಟದ ಎಲುಬಿನಿಂದ ಹದಿನೆಂಟು ಮಿಲಿಮೀಟರ್ ಉದ್ದದ ಮಜ್ಜೆಯ ಚೂರು ತೆಗೆದರು. ಅವ್ವ ಹೊರಗಿನ ಬೆಂಚಿನಲ್ಲಿ ಕುಳಿತು ಕಣ್ಣುಮುಚ್ಚಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿದ್ದಳು. ಚಂದಾಪುರದಿಂದ ಉಮಾದೇವಿ ಆ ದಿನ ಐದು ಸಲ ಫೋನು ಮಾಡಿದಳು. ಐದನೆಯ ಸಲ ಮಾತಾಡಿದ್ದು ಗುರುದೇವಿ. "ಏನಂತ ತಿಳೀತೇನು?" ಎಂದು ಕೇಳಿ, ಇನ್ನೂ ಇಲ್ಲ ಎಂದಾಗ ಏನನ್ನೂ ಸೇರಿಸದೆ ಇಟ್ಟಳು.

ಇಪ್ಪತ್ತನಾಲ್ಕನೆಯ ದಿನ, ಫೆಬ್ರವರಿ ಹದಿಮೂರು, ಶುಕ್ರವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ವರದಿ ಬಂತು. ಡಾಕ್ಟರು ಒಳಗೆ ಇನ್ನೊಬ್ಬ ರೋಗಿಯ ಬಳಿ ಇದ್ದರು. ಗುರುಲಿಂಗಪ್ಪ ಲಕೋಟೆಯನ್ನು ಮಗಳ ಕೈಗೆ ಕೊಟ್ಟು, "ಓದು, ಶೈಲಾ," ಎಂದ. ಎಂಟು ದಿನಗಳಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಅವಳು ಹಾಳೆ ಬಿಡಿಸಿ, ಅವ್ವನಿಗೂ ಕೇಳಿಸುವಂತೆ ಓದಿದಳು.

ಮಜ್ಜೆಯ ರಕ್ತನಾಳಗಳ ಒಳಪದರ: ಎಲ್ಲ ಭಾಗಗಳಲ್ಲೂ ಕೂಡಿಕೊಂಡಿದೆ, ಬಿರುಕಿಲ್ಲ. ಎಣಿಸಿದ ರಕ್ತಜನಕ ಕೋಶಗಳು: ಇನ್ನೂರು. ದಾನಿಯವು: ನೂರಾ ಹದಿನೇಳು. ರೋಗಿಯವು: ಎಂಬತ್ತಮೂರು.